ಪದ ಬೇಕು: ‘ಫೀಟಸ್’ಗೆ ಭ್ರೂಣವೋ, ಪಿಂಡವೋ, ಹೊಟ್ಟೆಯ ಮಗುವೋ? (ಸೋಮವಾರದೊಳಗೆ)

ಕುವೆಂಪುನಗರ, ಮೈಸೂರಿನಿಂದ:

ಗೆಳೆಯರೇ, ಎರಡು ಪದ ತುರ್ತಾಗಿ ಬೇಕು. ಬಸುರಿಯರ ಸ್ಕ್ಯಾನಿಂಗ್ ಬಗ್ಗೆ ಸಂಶೋಧನೆ ಮಾಡುತ್ತಿರುವ ಡಾಕ್ಟರೊಬ್ಬರಿಗೆ ಮಾಹಿತಿ ಪತ್ರ, ಒಪ್ಪಿಗೆ ಪತ್ರ ಎರಡನ್ನೂ ಕನ್ನಡ ಮಾಡಿಕೊಡುತ್ತಿದ್ದೇನೆ. ಸೋಮವಾರ ಎಥಿಕ್ಸ್ ಕಮಿಟಿಗೆ ಹೋಗಬೇಕು. ಕೋಣೆ ಬಾಗಿಲಿಗೆ ಬೋರ್ಡ್ ಬರೆಯುವವನೂ ಅವತ್ತೇ ಬರುತ್ತಾನೆ.

ಕೆಲಸ ಇಷ್ಟು. 11ರಿಂದ 14 ವಾರದ ನಡುವೆ ಮೊದಲ ಸ್ಕ್ಯಾನ್. ಗರ್ಭಕೋಶಕ್ಕೆ ರಕ್ತ ಒಯ್ಯುವ ನಾಳದ ಹರಿವನ್ನು ಡಾಪ್ಲರಿನಲ್ಲಿ ನೋಡಿ, ತಾಯಿಯ ಬಿಪಿ ಜೊತೆ ಸೇರಿಸಿ, ಮುಂದೆ ಬಿಪಿ ಏರಿ ತೊಂದರೆಯಾಗುವ ಸಂಭವ ಯಾರಿಗಿದೆ ಎಂದು ಲೆಕ್ಕ ಹಾಕುತ್ತಾರೆ. ಅಂಥವರಿಗೆ ರಾತ್ರಿ ಹೊತ್ತು 150 ಮಿಲಿಗ್ರಾಂ ಆಸ್ಪಿರಿನ್. ತಿಂಗಳು ತುಂಬುತ್ತಾ ಬಂದ ಹಾಗೆ ಮಗುವಿನ ತಲೆ, ಹೊಟ್ಟೆ, ತೊಡೆಮೂಳೆ ಅಳೆದು ತೂಕ ಅಂದಾಜು ಮಾಡುತ್ತಾರೆ. ನಮ್ಮೂರಿಗೆ ಇದು ಹೊಸ ವಿಷಯವಲ್ಲ. ಇಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟಿದ್ದರು. ಆ ಲೆಡ್ಜರುಗಳನ್ನು ಹಿಡಿದೇ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ತೋರಿಸಿದ್ದು.

ನನ್ನ ಕರಡಿನಲ್ಲಿ ‘ಫೀಟಸ್’ ಬಂದ ಕಡೆಯೆಲ್ಲ ‘ಭ್ರೂಣ’ ಎಂದು ಹಾಕಿದ್ದೆ. ಪಕ್ಕದ ಮನೆಯಲ್ಲಿ ಏಳು ತಿಂಗಳ ಬಸುರಿ ಇದ್ದಾಳೆ, ಕೆ.ಆರ್.ಪೇಟೆ ಕಡೆಯವಳು. ಅವಳಿಗೆ ಓದಿ ಹೇಳಿದೆ. ‘ನಿಮ್ಮ ಭ್ರೂಣದ ಪರೀಕ್ಷೆ’ ಅನ್ನುತ್ತಿದ್ದ ಹಾಗೆ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, ‘ಯಾಕಾಂಟಿ, ತೆಗಿಬೇಕಂತಾ?’ ಅಂದಳು. ಅಲ್ಲಿಗೆ ಪೆನ್ನು ನಿಂತಿದೆ.

ಎರಡನೆಯದು ‘ಫೀಟಲ್ ಗ್ರೋತ್ ರಿಸ್ಟ್ರಿಕ್ಷನ್’, ಅಂದರೆ ಹೊಟ್ಟೆಯಲ್ಲಿ ಮಗು ಬೆಳೆಯಬೇಕಾದಷ್ಟು ಬೆಳೆಯದಿರುವುದು. ‘ಕುಂಠಿತ ಬೆಳವಣಿಗೆ’ ಸರಿಯೇ?

ಸರಸ್ವತಿಪುರಂನಿಂದ:

ಮೇಡಂ, ಒಬ್ಬರು ಬೆಚ್ಚಿದರೆಂದು ಪದ ಬದಲಿಸುವುದಕ್ಕಾಗುವುದಿಲ್ಲ. ಅಮರಕೋಶ ನೋಡಿ: ‘ಗರ್ಭೋ ಭ್ರೂಣ ಇಮೌ ಸಮೌ’. ಗರ್ಭವೂ ಭ್ರೂಣವೂ ಒಂದೇ. ವಿಜ್ಞಾನಕ್ಕೆ ಎರಡು ಬೇಕು, ನಿಜ. ಗರ್ಭ ನಿಂತು ಎಂಟು ವಾರದವರೆಗಿನದಕ್ಕೆ ಒಂದು ಹೆಸರು, ಆಮೇಲಿನದಕ್ಕೆ ಇನ್ನೊಂದು. ಮೊದಲನೆಯದಕ್ಕೆ ‘ಪಿಂಡ’, ಎರಡನೆಯದಕ್ಕೆ ‘ಭ್ರೂಣ’ ಎಂದು ಗೆರೆ ಎಳೆದುಬಿಡಿ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ‘ಸ್ಕ್ಯಾನಿಂಗ್’ ಎಂದು ಬರೆದರೆ ಅದು ಅನುವಾದವಲ್ಲ, ಲಿಪಿ ಬದಲಾವಣೆ. ಅಲ್ಟ್ರಾಸೌಂಡಿಗೆ ‘ಶ್ರವಣಾತೀತ ಧ್ವನಿ’ ಇದೆ. ಕಿವಿಯ ಮಿತಿ 20,000 ಹರ್ಟ್ಸ್, ಹೊಟ್ಟೆಗೆ ಬಿಡುವ ಅಲೆ ಅದರ ನೂರು ಪಟ್ಟಿಗೂ ಮೇಲೆ. ಶ್ರವಣಕ್ಕೆ ಅತೀತ ಎಂಬುದು ಅಕ್ಷರಶಃ ಸರಿ. ಕೆಲವರು ‘ಶಬ್ದಾತೀತ’ ಎಂದು ಬರೆಯುತ್ತಾರೆ. ಅದು ವಿಮಾನದ ವೇಗಕ್ಕೆ ಹೇಳುವ ಮಾತು. ದಯವಿಟ್ಟು ಕಲಬೆರಕೆ ಮಾಡಬೇಡಿ.

ಪಾಂಡವಪುರದಿಂದ:

ಪಿಂಡವಂತೆ! ಸರ್, ನಮ್ಮ ಕಡೆ ಪಿಂಡ ಅಂದರೆ ಪಶ್ಚಿಮವಾಹಿನಿಯಲ್ಲಿ ಬಿಡುವುದು. ಬಸುರಿ ಹೆಂಗಸಿನ ಕೈಗೆ ಆ ಪದ ಕೊಡುತ್ತೀರಾ?

ನಮ್ಮದೇ ಪದ ಇರುವಾಗ ಅಮರಸಿಂಹನ ಮನೆ ಬಾಗಿಲಿಗೆ ಯಾಕೆ ಹೋಗಬೇಕು? ‘ಬಸಿರು’ ಇದೆಯಲ್ಲ. ತಮಿಳಿನಲ್ಲಿ ‘ವಯಿಱು’, ನಮ್ಮಲ್ಲಿ ಹಳಗನ್ನಡದಿಂದ ‘ಬಸಿಱ್’. ವಕಾರ ಬಕಾರವಾಗಿದೆ. ‘ವಾಯ್’ ‘ಬಾಯಿ’ ಆದಂತೆ, ‘ವೇರ್’ ‘ಬೇರು’ ಆದಂತೆ, ‘ವಿಲ್’ ‘ಬಿಲ್ಲು’ ಆದಂತೆ. ಮೊದಲ ಅರ್ಥ ಹೊಟ್ಟೆ, ಅಲ್ಲಿಂದ ಗರ್ಭ. ಸಾವಿರ ವರ್ಷ ಬಾಳಿದ ಪದ. ಫೀಟಸ್ಸಿಗೆ ‘ಬಸಿರಕೂಸು’ ಎಂದು ಬರೆಯಿರಿ, ಯಾರೂ ಬೆಚ್ಚುವುದಿಲ್ಲ. ಶ್ರವಣಾತೀತಕ್ಕೆ ‘ಕೇಳದುಲಿ’ ಸಾಕು.

ಮೈಸೂರಿನಿಂದ, ಆಯುರ್ವೇದ ವೈದ್ಯೆ:

ಪಿಂಡ ಬೇಡವೇ ಬೇಡ, ಕಾರಣ ಬೇರೆ. ಸುಶ್ರುತ ಸಂಹಿತೆಯ ಶಾರೀರಸ್ಥಾನ, ಮೂರನೇ ಅಧ್ಯಾಯ ತೆಗೆಯಿರಿ. ಎರಡನೇ ತಿಂಗಳಲ್ಲಿ ಗಟ್ಟಿಯಾದದ್ದು ಪಿಂಡದಂತಿದ್ದರೆ ಗಂಡು, ಪೇಶಿಯಂತಿದ್ದರೆ ಹೆಣ್ಣು ಎನ್ನುತ್ತಾನೆ. ಲಿಂಗ ಹೇಳಬಾರದೆಂದು ಕಾನೂನಿರುವ ಕೋಣೆಯ ಕಾಗದದಲ್ಲಿ ಗಂಡು ಎಂದು ಅರ್ಥವಿದ್ದ ಪದ ಬರೆಯಬಾರದು. ‘ಕೇಳದುಲಿ’ ಕನ್ನಡವಲ್ಲ, ಒಗಟು.

ಮದ್ದೂರಿನಿಂದ:

ಎಲ್ಲರಿಗೂ ನಮಸ್ಕಾರ. ನಾನು ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ವ್ಯಾಕರಣ ನಿಮ್ಮಷ್ಟು ಬರುವುದಿಲ್ಲ.

ಕುವೆಂಪುನಗರದ ಅಕ್ಕಾ, ಆ ಹುಡುಗಿ ಸುಮ್ಮನೆ ಬೆಚ್ಚಲಿಲ್ಲ. ‘ಭ್ರೂಣ’ ನಮ್ಮ ಜಿಲ್ಲೆಯ ಹೆಂಗಸರ ಕಿವಿಗೆ ಒಂಟಿಯಾಗಿ ಬಂದೇ ಇಲ್ಲ. ‘ಭ್ರೂಣಹತ್ಯೆ’ ಅಂತಲೇ ಬಂದದ್ದು, ಇಲ್ಲವೇ ‘ಭ್ರೂಣಲಿಂಗ ಪತ್ತೆ ಅಪರಾಧ’ ಅಂತ ಗೋಡೆ ಮೇಲೆ ಬಂದದ್ದು. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಮಷಿನ್ ಇಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದದ್ದು ಸಿಕ್ಕಿಬಿತ್ತಲ್ಲ, ಆಗ ತಿಂಗಳುಗಟ್ಟಲೆ ಟಿವಿಯಲ್ಲಿ ಅದೇ ಪದ. ಬೆಲ್ಲ ಕಾಯಿಸುವ ಜಾಗದಲ್ಲಿ ಅದನ್ನು ಮಾಡಿದರು ಅನ್ನುವುದು ಇವತ್ತಿಗೂ ನನಗೆ ಉರಿಯುತ್ತದೆ. ಆ ಪದಕ್ಕೆ ರಕ್ತ ಅಂಟಿದೆ. ಅಮರಕೋಶ ಅದನ್ನು ತೊಳೆಯಲಾರದು.

ವಾರ್ಡಿನಲ್ಲಿ ನಾವು ಏನು ಹೇಳುತ್ತಿದ್ದೆವು ಕೇಳಿ. ‘ಮಗು ಆಡ್ತಾ ಇದೆಯಾ?’ ‘ನೀರು ಕಮ್ಮಿ ಇದೆ.’ ‘ಮಾಸು ಕೆಳಗೆ ಕೂತಿದೆ, ಭಾರ ಎತ್ತಬೇಡ.’ ‘ಬಳ್ಳಿ ಸುತ್ಕೊಂಡಿದೆ.’ ಇದರಲ್ಲಿ ಅರ್ಥವಾಗದ್ದು ಯಾವುದು? ಹೊಟ್ಟೆಯಲ್ಲಿರುವುದು ಮೂರು ತಿಂಗಳಾದರೂ ಮಗುವೇ, ಒಂಬತ್ತಾದರೂ ಮಗುವೇ. ‘ಬಸಿರಕೂಸು’ ಕೇಳುವುದಕ್ಕೆ ಚೆಂದ, ಆದರೆ ಯಾರ ಬಾಯಲ್ಲೂ ಕೇಳಿಲ್ಲ.

‘ಕುಂಠಿತ’ ಮಾತ್ರ ಹಾಕಬೇಡಿ. ಒಬ್ಬಳಿಗೆ ಎಂಟನೇ ತಿಂಗಳಲ್ಲಿ ರಿಪೋರ್ಟ್ ಓದಿ ಹೇಳುವಾಗ ನಾನೇ ‘ಬೆಳವಣಿಗೆ ಕುಂಠಿತ’ ಅಂದುಬಿಟ್ಟೆ. ಅತ್ತೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು. ಊರಿಗೆ ಹೋಗುವಷ್ಟರಲ್ಲಿ ‘ಮಗು ಮಂದಬುದ್ಧಿಯಂತೆ’ ಆಗಿತ್ತು. ಆ ಹೆಣ್ಣುಮಗಳು ಮುಂದಿನ ತಪಾಸಣೆಗೆ ಬರಲಿಲ್ಲ. ನಾನೂ ಆಶಾ ಕಾರ್ಯಕರ್ತೆಯೂ ಮನೆಗೆ ಹೋದೆವು. ಗದ್ದೆ ಬದಿಯ ಮನೆ. ಅವಳ ಗಂಡನನ್ನೂ ಕೂರಿಸಿಕೊಂಡು, ‘ನಾಲೆ ನೀರು ಸರಿಯಾಗಿ ಬರದಿದ್ದರೆ ಪೈರು ಸೊರಗಲ್ವಾ? ಬೀಜದ ತಪ್ಪಾ ಅದು? ಹಂಗೇ ಮಾಸಿನಿಂದ ಮಗೂಗೆ ಸಾಲದು ಅಷ್ಟೆ’ ಅಂದೆ. ಅತ್ತೆ ತಾವೇ ‘ಹಂಗಾದ್ರೆ ಸೊರಗದೆ, ಪೆದ್ದಲ್ಲ’ ಅಂದರು. ಮಾರನೇ ದಿನ ಅವರೇ ಕರೆದುಕೊಂಡು ಬಂದರು. ‘ಸೊರಗು’ ಅಂತ ಬರೆಯಿರಿ ಅಕ್ಕಾ.

ಬಿಪಿ ತೊಂದರೆಗೆ ‘ನಂಜು’ ಸೇರಿಸಿ ಪದ ಮಾಡಬೇಡಿ. ನಂಜು ಅಂದ ಕೂಡಲೇ ಬದನೆಕಾಯಿ ಮೊದಲಾಗಿ ಒಂದೊಂದೇ ನಿಲ್ಲಿಸಿ ಬಸುರಿಯ ತಟ್ಟೆ ಖಾಲಿ ಮಾಡುತ್ತಾರೆ.

ಸರಸ್ವತಿಪುರಂನಿಂದ:

ವಾರ್ಡಿನ ಮಾತು ಬೇರೆ, ಬರಹ ಬೇರೆ. ಆದರೂ ‘ಕುಂಠಿತ’ದ ಬಗ್ಗೆ ತಾಯಿ ಹೇಳಿದ್ದನ್ನು ಒಪ್ಪುತ್ತೇನೆ. ಇಂಗ್ಲಿಷಿನವರೂ ಇಲ್ಲಿ ಎಡವಿದವರೇ. ಮೊದಲು ‘ರಿಟಾರ್ಡೇಶನ್’ ಎನ್ನುತ್ತಿದ್ದರು. ತಂದೆತಾಯಿ ಬುದ್ಧಿಗೆ ಅನ್ವಯಿಸಿಕೊಳ್ಳುತ್ತಾರೆಂದು ‘ರಿಸ್ಟ್ರಿಕ್ಷನ್’ ಮಾಡಿಕೊಂಡರು. ಆದರೆ ಸೊರಗಿದ ಮಗು ಬೇರೆ, ಹುಟ್ಟಾ ಸಣ್ಣ ಮಗು ಬೇರೆ. ತಂದೆತಾಯಿ ಸಣ್ಣ ಗಾತ್ರದವರಾದರೆ ಮಗು ಸಣ್ಣದಿದ್ದೂ ಆರೋಗ್ಯವಾಗಿರಬಹುದು. ಈ ಭೇದ ಉಳಿಯಬೇಕು.

‘ಸ್ಕ್ಯಾನಿಂಗ್’ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ.

ಪಾಂಡವಪುರದಿಂದ:

‘ಆಸ್ಪತ್ರೆ’ ಎಲ್ಲಿಂದ ಬಂತು ಸರ್? ಅದನ್ನೂ ‘ಚಿಕಿತ್ಸಾಲಯ’ ಮಾಡಿ ಮೊದಲು. ನಿಮಗೆ ಇಂಗ್ಲಿಷಿನ ಸಾಲ ಕಾಣುತ್ತದೆ, ಸಂಸ್ಕೃತದ ಸಾಲ ಆಸ್ತಿಯಂತೆ ಕಾಣುತ್ತದೆ. ಸ್ಕ್ಯಾನಿಂಗ್ ಅನ್ನುವುದು ಹಳ್ಳಿಯ ಅಜ್ಜಿಗೂ ಗೊತ್ತು, ಶ್ರವಣಾತೀತ ಗೊತ್ತಿಲ್ಲ. ಅದೊಂದಕ್ಕೆ ನಾನು ‘ಕೇಳದುಲಿ’ ಕೈಬಿಡುತ್ತೇನೆ. ‘ಬಸಿರು’ ಬಿಡುವುದಿಲ್ಲ.

ಸರಸ್ವತಿಪುರಂನಿಂದ:

ಹರಿವು ನೋಡುವ ಸ್ಕ್ಯಾನಿನ ಹೆಸರಿನಲ್ಲಿರುವ ‘ಡಾಪ್ಲರ್’ ವ್ಯಕ್ತಿಯ ಹೆಸರು, ಅದರ ಹಿಂದಿನ ತತ್ತ್ವವನ್ನು 1842ರಲ್ಲಿ ಹೇಳಿದವನು. ಅದು ಹಾಗೇ ಇರಲಿ. ಮಿಕ್ಕದ್ದಕ್ಕೆ ಉತ್ತರ ಕೊಡುವ ವ್ಯವಧಾನ ನನಗಿಲ್ಲ.

ಕುವೆಂಪುನಗರ, ಮೈಸೂರಿನಿಂದ:

ಎಲ್ಲರಿಗೂ ಕೃತಜ್ಞತೆ. ಭಾನುವಾರ ರಾತ್ರಿ ಮುಗಿಸಿದೆ. ‘ಭ್ರೂಣಲಿಂಗ ಪತ್ತೆ’ ಎಂಬ ಫಲಕ ಕಾನೂನಿನದು, 1994ರ ಕಾಯ್ದೆಯದು, ಅದನ್ನು ಮುಟ್ಟಿಲ್ಲ. ಒಪ್ಪಿಗೆ ಪತ್ರದಲ್ಲಿ ಉದ್ದಕ್ಕೂ ‘ಹೊಟ್ಟೆಯಲ್ಲಿರುವ ಮಗು’. ಬಾಗಿಲ ಬೋರ್ಡಿಗೆ ‘ಬಸುರಿ ಮತ್ತು ಮಗುವಿನ ಸ್ಕ್ಯಾನಿಂಗ್’. ಪಾಂಡವಪುರದ ಸರ್, ನಿಮ್ಮ ಬಸಿರು ಅಲ್ಲಿದೆ. ಸರಸ್ವತಿಪುರದ ಸರ್ ಹೇಳಿದ ಭೇದವನ್ನು ಹೀಗೆ ಬರೆದೆ: ‘ಕೆಲವು ಮಕ್ಕಳು ಸಣ್ಣದಾಗಿದ್ದರೂ ಚೆನ್ನಾಗಿರುತ್ತವೆ. ಕೆಲವಕ್ಕೆ ಮಾಸಿನಿಂದ ಸಾಕಷ್ಟು ಪೋಷಣೆ ಸಿಗದೆ ಸೊರಗುತ್ತವೆ. ನಿಮ್ಮ ಮಗು ಇವೆರಡರಲ್ಲಿ ಯಾವುದು ಎಂದು ತಿಳಿಯಲು ಸ್ಕ್ಯಾನಿಂಗ್ ಮಾಡುತ್ತಾರೆ.’

ಪಕ್ಕದ ಮನೆಯವಳಿಗೆ ಮತ್ತೆ ಓದಿದೆ. ಈ ಸಲ ಅವಳು ಪದ ಯಾವುದನ್ನೂ ಕೇಳಲಿಲ್ಲ. ‘ಸೊರಗಿದ್ರೆ ಏನ್ಮಾಡ್ತಾರೆ ಆಂಟಿ?’ ಅಂದಳು. ಪತ್ರದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ, ಇಂಗ್ಲಿಷಿನಲ್ಲೂ. ಡಾಕ್ಟರಿಗೆ ಫೋನ್ ಮಾಡಿ ಎರಡು ಸಾಲು ಹೇಳಿಸಿ ಬರೆದುಕೊಂಡೆ: ಆಗಾಗ ಕರೆಸಿ ಹರಿವು ನೋಡುತ್ತಾರೆ, ಹೊಟ್ಟೆಯಲ್ಲಿರುವುದಕ್ಕಿಂತ ಹೊರಗಿರುವುದೇ ಕ್ಷೇಮ ಅನಿಸಿದಾಗ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸುತ್ತಾರೆ.