[ಪದಚರ್ಚೆ] ‘ಡಬಲ್ಡ್ ಡೈ’ಗೆ ಕನ್ನಡ ಪದ ಬೇಕು, ತುರ್ತು

ಪ್ರಶ್ನೆ:
ಬಲ್ಲವರಿಗೆ ನಮಸ್ಕಾರ. ಹಳೆಯ ಅಮೆರಿಕನ್ ಸೆಂಟ್‌ಗಳ ಪ್ರದರ್ಶನದ ಕನ್ನಡ ಚೀಟಿಗಳು ನಾಳೆ ಮುದ್ರಣಕ್ಕೆ ಹೋಗಬೇಕು. 1955ರ ಲಿಂಕನ್ ಸೆಂಟ್‌ನ ‘ಡಬಲ್ಡ್ ಡೈ’ಗೆ ‘ಜೋಡಚ್ಚು’, ನಾಣ್ಯ ಎಲ್ಲಿ ಅಚ್ಚಾಯಿತೆಂದು ಹೇಳುವ ಅಕ್ಷರವಾದ ‘ಮಿಂಟ್ ಮಾರ್ಕ್’ಗೆ ‘ಟಂಕಸಾಲೆ ಗುರುತು’ ಎಂದಿಟ್ಟಿದ್ದೇನೆ. ನಡೆಯುತ್ತದೆಯೇ? ಚೀಟಿಯಲ್ಲಿ ಎರಡೇ ಪದಕ್ಕೆ ಜಾಗ.

ಉತ್ತರ 1:
ಜೋಡಚ್ಚು ತಪ್ಪು. ಯಾವ ನಾಣ್ಯವಾದರೂ ಜೋಡಿ ಅಚ್ಚಿನ ನಡುವೆಯೇ ಬೀಳುವುದು. ಇಲ್ಲಿ ಕೆಟ್ಟದ್ದು ಮುಮ್ಮೈಯ ಅಚ್ಚೊಂದೇ. ಆಗೆಲ್ಲ ಉಬ್ಬುಮಾದರಿಯನ್ನು ಅಚ್ಚಿನುಕ್ಕಿಗೆ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಿದ್ದರು. ಫಿಲಡೆಲ್ಫಿಯಾದಲ್ಲಿ ಒಂದು ಒತ್ತು ತುಸು ತಿರುಗಿ ಕೂತಿತು. ಇಸವಿ, ‘ಲಿಬರ್ಟಿ’, ಮೇಲಿನ ಧ್ಯೇಯವಾಕ್ಯ ಬರಿಗಣ್ಣಿಗೇ ಎರಡೆರಡು ಕಾಣುತ್ತವೆ. ‘ಇಮ್ಮೂಡಿದ ಅಚ್ಚು’ ಎನ್ನಿ.

ಉತ್ತರ 2:
ಎರಡು ಎನ್ನುವ ‘ಇರ್’ ಹತ್ತುವುದು ಹೆಸರುಪದಕ್ಕೆ, ಎಸಕಪದಕ್ಕಲ್ಲ (ಕ್ರಿಯಾಪದಕ್ಕಲ್ಲ). ‘ಇಮ್ಮೂಡಿಕೆ ಅಚ್ಚು’ ಆಗಬೇಕು. ಇನ್ನು ಸಂಸ್ಕೃತದ ‘ಟಂಕಸಾಲೆ’ ಯಾಕೆ? ನಾಣ್ಯ ಅಚ್ಚುಹಾಕುವ ಜಾಗಕ್ಕೆ ‘ಕಮ್ಮಟ’ ಇಲ್ಲವೇ? ಮಲಯಾಳದಲ್ಲಿ ‘ಕಮ್ಮಟ್ಟಂ’ ಇದೆ. ಅಪ್ಪಟ ನಮ್ಮ ಕಡೆಯ ಪದ.

ಉತ್ತರ 3:
ಕಮ್ಮಟ ಎಂದರೆ ಇಂದಿನ ಓದುಗನಿಗೆ ಕಾವ್ಯ ಕಮ್ಮಟ, ಕಥಾ ಕಮ್ಮಟ. ಸೆಂಟನ್ನು ಹಾಗೇ ಇಟ್ಟುಕೊಂಡು ಟಂಕಸಾಲೆಯೊಂದನ್ನೇ ಹೊರಹಾಕುವುದು ಯಾವ ನ್ಯಾಯ? ‘ನಾಣ್ಯ’ವೂ ಸಂಸ್ಕೃತದ ‘ನಾಣಕ’ದಿಂದಲೇ ಬಂದದ್ದು. ಅದನ್ನೂ ಬಿಡುತ್ತೀರಾ?

ಉತ್ತರ 2:
ಬಳಸದೆ ಬಿಟ್ಟು ಮರೆಸಿ, ಆಮೇಲೆ ಓದುಗನಿಗೆ ತಿಳಿಯದು ಎನ್ನುವುದು ವಾದವಲ್ಲ.

ಉತ್ತರ 1:
ಆ ಜಗಳಕ್ಕೆ ಬೇರೆ ಎಳೆ ತೆಗೆಯಿರಿ. ‘ಇಮ್ಮೂಡಿಕೆ’ ಒಪ್ಪಿದೆ. ಆದರೆ ಅದನ್ನು ಕಂಡಕಂಡ ಸೆಂಟ್‌ಗೆ ಅಂಟಿಸಬೇಡಿ. ಹೊಡೆತದ ವೇಳೆ ಅಚ್ಚು ಅದುರಿದರೆ ಅಕ್ಷರದ ಬದಿಯಲ್ಲಿ ಚಪ್ಪಟೆ ಮೆಟ್ಟಿಲು ಏಳುತ್ತದೆ, ಅಕ್ಷರ ಸಣಕಲಾಗುತ್ತದೆ; ಅದಕ್ಕೆ ಬೆಲೆಯಿಲ್ಲ. ನಿಜವಾದ ಇಮ್ಮೂಡಿಕೆಯಲ್ಲಿ ಅಕ್ಷರ ದಪ್ಪವಾಗಿ, ಮೂಲೆಗಳು ಸೀಳಿರುತ್ತವೆ. 1955ರಲ್ಲೇ ಸವೆದ ಅಚ್ಚಿನ ಸೆಂಟ್‌ಗಳೂ ಧಾರಾಳ. ಕೊನೆಯ 5ರ ಪಕ್ಕ ಮಾತ್ರ ಮಸುಕು ಕಂಡರೆ ಅದು ಅಗ್ಗದ್ದು. ಅಂಥದ್ದಕ್ಕೆ ‘ನೆರಳಚ್ಚು’ ಸಾಕು. ಅಸಲಿಯ ಹಿಮ್ಮೈಯಲ್ಲಿ ‘ಸೆಂಟ್’ನ ಕೊನೆಯಕ್ಷರ ‘ಟಿ’ಯ ಎಡಕ್ಕೆ ನವಿರಾದ ನೆಟ್ಟಗೆರೆಗಳಿರುತ್ತವೆ, ಭೂತಗನ್ನಡಿಯಲ್ಲಿ ನೋಡಿ.

ಪ್ರಶ್ನೆ:
‘ಇಮ್ಮೂಡಿಕೆ ಅಚ್ಚು’ ಹಾಕುತ್ತೇನೆ. 1909ರ ‘ಎಸ್ ವಿಡಿಬಿ’ (ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ‘ಎಸ್’, ವಿನ್ಯಾಸಕ ವಿಕ್ಟರ್ ಡೇವಿಡ್ ಬ್ರೆನ್ನರ್ ಹೆಸರಿನ ‘ವಿಡಿಬಿ’ ಎರಡೂ ಇರುವ ಸೆಂಟ್) ಚೀಟಿಗೆ?

ಉತ್ತರ 1:
‘ಟಂಕಸಾಲೆ ಗುರುತು: ಎಸ್’ ಎಂದೇ ಇರಲಿ. ಹೊಡೆದದ್ದು 4,84,000 ಮಾತ್ರ, ಬೆಲೆಯೆಲ್ಲ ಆ ಒಂದಕ್ಷರದ್ದು. ಮಾಮೂಲಿ ವಿಡಿಬಿಗೆ ‘ಎಸ್’ ಅಂಟಿಸಿ ಮಾರುವವರಿದ್ದಾರೆ. ಚೀಟಿ ಬರೆಯುವ ಮುಂಚೆ ಅಕ್ಷರದ ಬುಡದಲ್ಲಿ ಸಂದು ಇದೆಯೇ ನೋಡಿ. ಉಜ್ಜಿ ತೊಳೆಯಲು ಹೋಗಬೇಡಿ.