ಅಲೊಕೇಶನ್, ಅಸೈನ್‌ಮೆಂಟ್: ಎರಡಕ್ಕೂ ‘ಹಂಚಿಕೆ’ ಸಾಕೆ?

ಎಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಡಿಪ್ಲೊಮಾ ಮಕ್ಕಳಿಗೆ ನೆಟ್‌ವರ್ಕ್ ಪಾಠ ಹೇಳುತ್ತೇನೆ. ಐಪಿ ವಿಳಾಸಗಳನ್ನು (ಇಂಟರ್ನೆಟ್ಟಿನಲ್ಲಿ ಯಂತ್ರಗಳನ್ನು ಗುರುತಿಸುವ ಸಂಖ್ಯೆಗಳನ್ನು) ಸಂಸ್ಥೆಗಳಿಗೆ ಕೊಡುವ ಕ್ರಮದ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯೋಣವೆಂದು ಕೂತು ಮೊದಲ ಪುಟದಲ್ಲೇ ಸಿಕ್ಕಿಕೊಂಡಿದ್ದೇನೆ.

ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ವಿಳಾಸ ಕೊಡುವುದು ಬ್ರಿಸ್ಬೇನಿನ ಏಪ್ನಿಕ್. ಅವರ ನಿಯಮದಲ್ಲಿ, ಇಂಟರ್ನೆಟ್ ಕಂಪನಿಗೆ ಮುಂದೆ ಗಿರಾಕಿಗಳಿಗೆ ಹಂಚಲೆಂದು ಕೊಟ್ಟರೆ ಅಲೊಕೇಶನ್. ಕಾಲೇಜೋ ಬ್ಯಾಂಕೋ ತಾನೇ ಬಳಸಲು ಪಡೆದರೆ ಅಸೈನ್‌ಮೆಂಟ್. ನಾನು ಎರಡಕ್ಕೂ ‘ಹಂಚಿಕೆ’ ಎಂದೇ ಬರೆದಿದ್ದೆ. ಒಬ್ಬಳು ಕೇಳಿದಳು, “ಸರ್, ಬ್ಯಾಂಕಿನವರು ಅದನ್ನ ಪಕ್ಕದ ಅಂಗಡಿಗೂ ಹಂಚಬಹುದಾ?” ಹಂಚುವಂತಿಲ್ಲ. ಹಾಗೆ ಕೇಳುವಂತೆ ಮಾಡಿದ್ದು ನನ್ನ ಪದ.

ಅಸೈನ್‌ಮೆಂಟಿಗೆ ಬೇರೆ ಪದ ಬೇಕು. ‘ನಿಯೋಜನೆ’ ಎಂದರೆ ಮೇಷ್ಟ್ರುಗಳಿಗೆ ಚುನಾವಣಾ ಡ್ಯೂಟಿ ನೆನಪಾಗುತ್ತದೆ. ‘ಮಂಜೂರು’ ಅಂದರೆ ಇವತ್ತಲ್ಲ ನಾಳೆ ಖಾತೆ ಆಗುತ್ತದೆಂಬ ಆಸೆ. ವಿಳಾಸ ಯಾರ ಸ್ವತ್ತೂ ಅಲ್ಲ, ಬಳಸಲು ಪರವಾನಗಿ ಅಷ್ಟೆ.

ನನಗೆ ಹೊಳೆದದ್ದು ‘ಪಡಿ’. ನ್ಯಾಯಬೆಲೆ ಅಂಗಡಿಗೆ ಬರುವುದು ಹಂಚಲಿಕ್ಕೆ, ಕಾರ್ಡಿನವರಿಗೆ ಸಿಗುವುದು ಉಣ್ಣಲಿಕ್ಕೆ, ಮಾರುವಂತಿಲ್ಲ. ಕಾಲವೂ ರೇಷನ್ನಿನದೇ. ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಜಗತ್ತಿನ ಮೂಲ ದಾಸ್ತಾನು 2011ರ ಫೆಬ್ರವರಿ 3ಕ್ಕೆ ಬರಿದಾಯಿತು. 2019ರಿಂದ ಏಪ್ನಿಕ್ ಹೊಸಬರಿಗೆ ಕೊಡುವುದು ಹೆಚ್ಚೆಂದರೆ 512, ಅದೂ ಅಗತ್ಯ ತೋರಿಸಿದರೆ. ಆದರೆ ‘ಬ್ಯಾಂಕಿಗೆ ಪಡಿ ಕೊಟ್ಟರು’ ಎಂದರೆ ನಗು ಬರುವುದಿಲ್ಲವೆ?

ಬ್ಲಾಕಿಗೆ, ಅಂದರೆ ಒಟ್ಟಿಗೆ ಕೊಡುವ ಸಾಲು ವಿಳಾಸಗಳ ಗುಂಪಿಗೆ, ‘ತಾಕು’ ಅಂತಿದ್ದೇನೆ, ಹೊಲದ ತಾಕಿನ ಹಾಗೆ. ಅದನ್ನು ಒಡೆಯುವುದಕ್ಕೆ ಪದ ಹುಡುಕಬೇಕಾಗಲೇ ಇಲ್ಲ: ಪೋಡಿ. ಮುಳಬಾಗಿಲು ಕಡೆಯ ನಮ್ಮ ಹೊಲ ದೊಡ್ಡಪ್ಪ, ಚಿಕ್ಕಪ್ಪಂದಿರ ನಡುವೆ ನಾಲ್ಕು ಪಾಲಾದಾಗ ಸರ್ವೆ ನಂಬರು 37 ಹೋಗಿ 37/1ರಿಂದ 37/4 ಆಯಿತು. ಬೋರ್ಡಿನ ಮೇಲೆ ಅದರ ಪಕ್ಕದಲ್ಲೇ 1,024 ವಿಳಾಸಗಳ /22 ತಾಕನ್ನು 256ರ ನಾಲ್ಕು /24 ಮಾಡಿ ತೋರಿಸಿದೆ. ಹಿಂದಿನ ಬೆಂಚಿನವರೂ ತಲೆಯಾಡಿಸಿದರು. ಎಡವಟ್ಟು ಆ ಓರೆಗೆರೆಯಲ್ಲಿದೆ. ಜಮೀನಿನಲ್ಲಿ ಅದರ ಮುಂದಿನದು ಹಿಸ್ಸಾ ನಂಬರು. ಇಲ್ಲಿ ವಿಳಾಸದ 32 ಬಿಟ್‌ಗಳಲ್ಲಿ (ಸೊನ್ನೆ ಇಲ್ಲವೆ ಒಂದು ಕೂರುವ ಸ್ಥಾನಗಳಲ್ಲಿ) ಮೊದಲಿನ ಎಷ್ಟು ಬಿಟ್ ಅಲುಗಾಡಬಾರದು ಎಂಬ ಲೆಕ್ಕ, ಆದ್ದರಿಂದ ಸಂಖ್ಯೆ ದೊಡ್ಡದಾದಷ್ಟೂ ತಾಕು ಚಿಕ್ಕದು. ಇನ್ನೊಂದು, ಈ ಪೋಡಿಯಲ್ಲಿ ಮೂವರು ಅಣ್ಣತಮ್ಮಂದಿರಿಗೆ ಸಮಪಾಲು ಮಾಡಲಾಗದು. ಎರಡು, ನಾಲ್ಕು, ಎಂಟು, ಹೀಗೇ ಹೋಗಬೇಕು.

‘ತಾಕು’, ‘ಪೋಡಿ’ ಕರಾವಳಿ, ಉತ್ತರ ಕರ್ನಾಟಕದವರಿಗೆ ತಿಳಿಯುತ್ತವೆಯೆ? ‘ಪಡಿ’ಗಿಂತ ಒಳ್ಳೆಯದಿದ್ದರೆ ದಯವಿಟ್ಟು ತಿಳಿಸಿ. ಪೋಡಿ ಪಕ್ಕದಲ್ಲಿ ಪಡಿ ಕಂಡರೆ ಓದುವವರು ಮುದ್ರಣದೋಷ ಅಂದುಕೊಂಡಾರು ಎಂಬ ಭಯವೂ ಇದೆ.