ಎನ್‌ಐಸಿಯುನಲ್ಲಿರುವ ಮಗುವಿಗೆ ಮಿಲ್ಕ್ ಬ್ಯಾಂಕ್ ಹಾಲು ಕೊಡಿಸಬಹುದಾ?

ರಂಜಿತಾ, ದಾವಣಗೆರೆ:
ನನ್ನ ಮಗ 28 ವಾರಕ್ಕೇ ಹುಟ್ಟಿದ. ತೂಕ 1,050 ಗ್ರಾಂ. ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಟ್ಯೂಬಿನಲ್ಲಿ ಹಾಲು ಹಾಕುತ್ತಿದ್ದಾರೆ. ನಾನು ಎಷ್ಟು ಹಿಂಡಿದರೂ ಬಟ್ಟಲಿನ ತಳ ಒದ್ದೆಯಾಗುತ್ತದೆ ಅಷ್ಟೆ. ಡಾಕ್ಟರು ಮಿಲ್ಕ್ ಬ್ಯಾಂಕ್ ಹಾಲಿಗೆ, ಅಂದರೆ ಬೇರೆ ತಾಯಂದಿರು ದಾನ ಮಾಡಿದ ಎದೆಹಾಲಿಗೆ, ಸಹಿ ಕೇಳಿದ್ದಾರೆ. ಅತ್ತೆ ಮಾತ್ರ "ಯಾರದ್ದೋ ಏನೋ, ಡಬ್ಬಿ ಹಾಲೇ ವಾಸಿ" ಅನ್ನುತ್ತಿದ್ದಾರೆ. ಗೊತ್ತಿರುವವರು ಹೇಳಿ.

ಶೈಲಜಾ ಸಿಸ್ಟರ್:
ನಾನು ಕೆಲಸ ಮಾಡುವುದೇ ಮಿಲ್ಕ್ ಬ್ಯಾಂಕಿನಲ್ಲಿ. ಧೈರ್ಯವಾಗಿ ಸಹಿ ಹಾಕಿ. ಹಾಲು ಕೊಡುವ ತಾಯಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಆಗಿರುತ್ತದೆ. ಹಾಲನ್ನು 62.5 ಡಿಗ್ರಿ ಶಾಖದಲ್ಲಿ 30 ನಿಮಿಷ ಇಟ್ಟು, ಕೂಡಲೇ ತಣ್ಣಗೆ ಮಾಡುತ್ತೇವೆ. ಸ್ಯಾಂಪಲ್ ಲ್ಯಾಬಿಗೆ ಹೋಗುತ್ತದೆ. ಬ್ಯಾಕ್ಟೀರಿಯಾ ಬೆಳೆದರೆ ಇಡೀ ಬ್ಯಾಚು ಸಿಂಕಿಗೆ. ಸುರಿಯುವಾಗ ಹೊಟ್ಟೆ ಉರಿಯುತ್ತದೆ, ಏನು ಮಾಡೋದು!

ಇದು ನಿನ್ನೆ ಮೊನ್ನೆ ಬಂದದ್ದಲ್ಲ ಅಂತ ಅತ್ತೆಯವರಿಗೆ ಹೇಳಿ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಶುರು ಮಾಡಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ.

ಹರೀಶ:
ಸಿಸ್ಟರ್, ಅಷ್ಟು ಹೊತ್ತು ಕಾಯಿಸಿದ ಮೇಲೆ ಅದರಲ್ಲಿ ಏನು ಉಳಿಯುತ್ತೆ? ಡಬ್ಬಿ ಹಾಲಿಗೂ ಅದಕ್ಕೂ ವ್ಯತ್ಯಾಸ ಏನು?

ಶೈಲಜಾ ಸಿಸ್ಟರ್:
ಒಳ್ಳೆ ಪ್ರಶ್ನೆ. ಸಂಶೋಧಕರು ತಲೆ ಕೆಡಿಸಿಕೊಂಡಿರುವುದೂ ಇದಕ್ಕೇ. ಕೊಬ್ಬು ಜೀರ್ಣ ಮಾಡುವ ಲೈಪೇಸ್ ಹೋಗಿಬಿಡುತ್ತದೆ. ಸೋಂಕು ತಡೆಯುವ ಲ್ಯಾಕ್ಟೋಫೆರಿನ್ ಕಮ್ಮಿಯಾಗುತ್ತದೆ. ಆದರೆ ಆಲಿಗೋಸ್ಯಾಕರೈಡ್ ಅನ್ನುವ ಸಕ್ಕರೆಗಳು ಉಳಿಯುತ್ತವೆ. ತಮಾಷೆ ನೋಡಿ, ಅವನ್ನು ಮಗು ಅರಗಿಸಿಕೊಳ್ಳುವುದಿಲ್ಲ. ಅವು ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳ ಊಟ.

2024ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂತು. 29 ವಾರ ತುಂಬದ ಅಥವಾ ಒಂದು ಕೆಜಿಗಿಂತ ಕಡಿಮೆ ತೂಕದ ಕೂಸುಗಳು. ಬ್ಯಾಂಕ್ ಹಾಲು ಕುಡಿದವರಲ್ಲಿ ಎನ್‌ಇಸಿ, ಅಂದರೆ ಕರುಳು ಕೊಳೆಯುವ ಕಾಯಿಲೆ, 4.2%. ಡಬ್ಬಿ ಹಾಲಿನವರಲ್ಲಿ 9%. ಸುಮಾರು ಎರಡು ವರ್ಷದ ಹೊತ್ತಿಗೆ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬ್ಯಾಂಕ್ ಹಾಲಿನವರ ತೂಕ ಮಾತ್ರ ನಿಧಾನವಾಗಿ ಏರಿತು. ಅದಕ್ಕೇ ಪೋಷಕಾಂಶ ಹೆಚ್ಚಿಸುವ ಫಾರ್ಟಿಫೈಯರ್ ಪುಡಿ ಬೆರೆಸುವುದು. ನನ್ನ ಕೇಳಿದರೆ ತೂಕ ಆಮೇಲೆ ಏರಿಸಬಹುದು, ಮೊದಲು ಕರುಳು ಉಳಿಯಬೇಕು.

ರಂಜಿತಾ, ಆ ಬಟ್ಟಲಿನ ತಳದ್ದನ್ನು ಚೆಲ್ಲಬೇಡಿ! ದಾನಿಗಳಲ್ಲಿ ಜಾಸ್ತಿ ಜನ ದಿನ ತುಂಬಿ ಹೆತ್ತವರೇ. ದಿನ ತುಂಬದೆ ಹೆತ್ತವರ ಹಾಲಿನಲ್ಲಿ ಪ್ರೋಟೀನ್ ಹೆಚ್ಚು. ಸಿರಿಂಜಿನಲ್ಲಿ ಎಳೆದು ನರ್ಸ್ ಕೈಗೆ ಕೊಡಿ, ಮಗುವಿನ ಕೆನ್ನೆಯ ಒಳಗೆ ಸವರುತ್ತಾರೆ. ಎರಡು ಮೂರು ಗಂಟೆಗೊಮ್ಮೆ ಹಿಂಡಿ, ರಾತ್ರಿಯೂ. ಡಾಕ್ಟರು ಒಪ್ಪಿದರೆ ಮಗುವನ್ನು ಎದೆಗೆ ಒತ್ತಿ ಕಾಂಗರೂ ಆರೈಕೆ ಮಾಡಿ, ಅದಾದ ಮೇಲೆ ಹಿಂಡಿದರೆ ಹಾಲು ಚೆನ್ನಾಗಿ ಬರುತ್ತದೆ. ಆನ್‌ಲೈನಿನಲ್ಲಿ ಮಾರುವ ಎದೆಹಾಲು ಮಾತ್ರ ಬೇಡ. ಎದೆಹಾಲನ್ನು ಮಾರುವ ಹಾಗಿಲ್ಲ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರಲ್ಲೇ ಹೇಳಿದೆ.

ರಂಜಿತಾ, ದಾವಣಗೆರೆ:
ಸಹಿ ಹಾಕಿದೆ ಸಿಸ್ಟರ್. ಅತ್ತೆ ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಡಿಸ್ಚಾರ್ಜ್ ಆದ ಮೇಲೂ ಬ್ಯಾಂಕ್ ಹಾಲು ಸಿಗುತ್ತಾ?

ಶೈಲಜಾ ಸಿಸ್ಟರ್:
ನಮ್ಮಲ್ಲಿ ಕೊಡುವುದಿಲ್ಲ. ಇರುವ ಸ್ಟಾಕು ಒಳಗಿರುವ ಕೂಸುಗಳಿಗೇ ಸಾಲದು. ಅಷ್ಟರೊಳಗೆ ನಿಮ್ಮದೇ ಹಾಲು ಚೆನ್ನಾಗಿ ಬರುವ ಹಾಗೆ ನೋಡಿಕೊಳ್ಳಿ. ಅದನ್ನು ಒಳಲೆಯಲ್ಲಿ ಕುಡಿಸುವುದನ್ನು ಅಲ್ಲಿನ ನರ್ಸ್ ಹತ್ತಿರ ಕಲಿತುಕೊಳ್ಳಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಒಳಲೆ ಹಿಡಿಯುವುದು ಅವರಿಗೆ ಗೊತ್ತಿರುತ್ತೆ ಅಲ್ವಾ?